ಮರದ ಕೇಸಿನ ಮೆಕ್ಯಾನಿಕಲ್ ಕೀಬೋರ್ಡ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಕಾರವಾರ ಎಲ್ಲಾ ಕಡೆಯಿಂದ ಮೆಸೇಜ್ ಬರ್ತಾ ಇರುತ್ತೆ, ಹೆಚ್ಚುಕಮ್ಮಿ ಎಲ್ಲರದ್ದೂ ಅದೇ ಪ್ರಶ್ನೆ, ಹಂಗಾಗಿ ಒಂದೇ ಕಡೆ ಬರೆದು ಹಾಕ್ತಿದ್ದೀನಿ. ನೆಟ್ಟಲ್ಲಿ ಸಿಗೋ ಗೈಡುಗಳಲ್ಲಿ ಸ್ವಿಚ್ಚು, ಫರ್ಮ್‌ವೇರ್ (ಕೀಬೋರ್ಡಿನ ಒಳಗೆ ಓಡೋ ಸಾಫ್ಟ್‌ವೇರ್) ಬಗ್ಗೆ ಪುಟಗಟ್ಲೆ ಇರುತ್ತೆ, ಮರದ ಬಗ್ಗೆ ಎರಡೇ ಸಾಲು. ಅದನ್ನ ಬರೆದೋರ ಊರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರೋದಿಲ್ಲ, ಅದಕ್ಕೆ ಅವರಿಗೆ ಅಷ್ಟು ಸಾಕು. ನಮಗೆ ಉಲ್ಟಾ. ಎಲೆಕ್ಟ್ರಾನಿಕ್ಸ್ ಒಂದು ಭಾನುವಾರದ ಕೆಲಸ, ಕೇಸೇ ನಿಜವಾದ ಕೆಲಸ. ಅದಕ್ಕೇ ಇಲ್ಲಿ ಮರದ ಮಾತು ಜಾಸ್ತಿ ಇದೆ, ಬೇಜಾರಾದ್ರೆ ಬೇಕಾದ ಪ್ರಶ್ನೆಗೆ ಸೀದಾ ಹೋಗಿ.

ಪ್ರ: ಅಂಗಡೀಲಿ ಸಿಗೋ ಕೀಬೋರ್ಡಿಗೂ ಇದಕ್ಕೂ ಎಂತ ಫರಕು?

ಕಡಿಮೆ ರೇಟಿನ ಕೀಬೋರ್ಡಲ್ಲಿ ಎಲ್ಲಾ ಕೀಗಳ ಕೆಳಗೂ ಸೇರಿ ಒಂದೇ ರಬ್ಬರ್ ಹಾಳೆ ಇರುತ್ತೆ. ಇದ್ರಲ್ಲಿ ಒಂದೊಂದು ಕೀಗೂ ಅದರದ್ದೇ ಸ್ವಿಚ್ಚು, ಒಳಗೆ ಸ್ಪ್ರಿಂಗು, ಕೆಟ್ರೆ ಅದೊಂದನ್ನೇ ಬದಲಾಯಿಸಬಹುದು. ಜರ್ಮನಿಯ ಚೆರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನ ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್ ತರದ ಚೀನಾ ಕಂಪನಿಗಳು ಅದೇ ಅಳತೇಲಿ ಮಾಡಿ ಮಾರೋಕೆ ಹತ್ತಿದ್ವು. ಅದಕ್ಕೇ ಒಬ್ಬರ ಸ್ವಿಚ್ಚು, ಇನ್ನೊಬ್ಬರ ಪಿಸಿಬಿ (ಸ್ವಿಚ್ಚುಗಳು ಕೂರೋ ಸರ್ಕ್ಯೂಟ್ ಬೋರ್ಡು), ಮತ್ತೊಬ್ಬರ ಕ್ಯಾಪು (ಬೆರಳಿಡೋ ಪ್ಲಾಸ್ಟಿಕ್ ಟೋಪಿ), ನಿಮ್ಮೂರ ಆಚಾರಿ ಮಾಡಿದ ಕೇಸು, ಎಲ್ಲಾ ಒಂದಕ್ಕೊಂದು ಕೂರುತ್ತೆ.

ಪ್ರ: ಮೊದಲನೇ ಸಲ ಮಾಡ್ತಿದ್ದೀನಿ, ಯಾವ ಸೈಜು ಮಾಡ್ಲಿ?

60 ಪರ್ಸೆಂಟ್ ಅಂತಾರಲ್ಲ, 61 ಕೀ ಇರೋದು, ಅದು ಮಾಡಿ. ಬಾಣದ ಕೀ ಇಲ್ಲ, ಎಫ್1 ಎಫ್2 ಸಾಲು ಇಲ್ಲ, ಅವೆಲ್ಲ ಫಂಕ್ಷನ್ ಕೀ ಜೊತೆ ಒತ್ತೋದು. ಇದನ್ನೇ ಹೇಳೋಕೆ ಕಾರಣ ಅಂದ್ರೆ 60ರ ಪಿಸಿಬಿಗಳಲ್ಲಿ ಬಹಳಷ್ಟು ಒಂದೇ ಅಳತೆ, ಸುಮಾರು 285 ಎಂಎಂ ಉದ್ದ, 94.6 ಎಂಎಂ ಅಗಲ, ಸ್ಕ್ರೂ ತೂತೂ ಹೆಚ್ಚಾಗಿ ಅದೇ ಜಾಗದಲ್ಲಿ. ನಾಳೆ ಪಿಸಿಬಿ ಸುಟ್ಟು ಹೋದ್ರೂ ಕೇಸು ದಂಡ ಆಗಲ್ಲ.

ಲೆಕ್ಕ, ಬರವಣಿಗೆ ಜಾಸ್ತಿ ಇದ್ದು ಬಾಣದ ಕೀ ಇಲ್ದೆ ಆಗೋದೇ ಇಲ್ಲ ಅನ್ನೋರು 65 ಪರ್ಸೆಂಟ್ ನೋಡಿ, ಒಂದು ಕೀ ಅಷ್ಟು ಉದ್ದ ಜಾಸ್ತಿ ಅಷ್ಟೇ. ಆದ್ರೆ ಅದ್ರಲ್ಲಿ ಕಂಪನಿಗೊಂದು ಅಳತೆ, ಪಿಸಿಬಿ ಕೈಗೆ ಬಂದ ಮೇಲೇ ಮರ ಮುಟ್ಟಬೇಕು. 104 ಕೀದು ಮರದಲ್ಲಿ ಮಾಡೋ ಆಸೆ ಬೇಡ, ಉದ್ದ ಆದಷ್ಟೂ ಸೊಟ್ಟ ಆಗೋದು ಜಾಸ್ತಿ.

ಪ್ರ: ಏನೇನು ತರಿಸಬೇಕು?

ಪಿಸಿಬಿ, ಪ್ಲೇಟು (ಪಿಸಿಬಿ ಮೇಲೆ ಸ್ವಿಚ್ಚುಗಳನ್ನ ಹಿಡಿದಿಡೋ ತೂತಿನ ಹಾಳೆ), 61 ಸ್ವಿಚ್ಚು (ಒಂದಷ್ಟು ಜಾಸ್ತಿನೇ ತಗೊಳ್ಳಿ, ಕೂರಿಸುವಾಗ ಪಿನ್ನು ಮಡಚಿ ಹೋಗ್ತಾವೆ), ಕೀಕ್ಯಾಪ್ ಸೆಟ್ಟು, ಯುಎಸ್‌ಬಿ ಕೇಬಲ್ಲು, ಮತ್ತೆ ಸ್ಟೆಬಿಲೈಸರ್. ಸ್ಟೆಬಿಲೈಸರ್ ಅಂದ್ರೆ ಅಗಲದ ಕೀಗಳು ಒಂದು ಬದಿಗೆ ವಾಲದೆ ಇರ್ಲಿ ಅಂತ ಹಾಕೋ ತಂತಿ. ಮಾಮೂಲಿ 60ಕ್ಕೆ ಸಣ್ಣದು ನಾಲ್ಕು (ಬ್ಯಾಕ್‌ಸ್ಪೇಸ್, ಎಂಟರ್, ಎರಡು ಶಿಫ್ಟ್), ಸ್ಪೇಸ್‌ಬಾರಿಗೆ ಉದ್ದದ್ದು ಒಂದು. ಇದಕ್ಕೆ ಕಂಜೂಸ್ತನ ಮಾಡ್ಬೇಡಿ. ಸ್ವಿಚ್ಚು ಸಾದಾ ಇದ್ರೂ ನಡೀತದೆ, ಸ್ಟೆಬಿಲೈಸರ್ ಲೊಟಗುಟ್ಟಿದ್ರೆ ಇಡೀ ಕೀಬೋರ್ಡೇ ಹಳೇ ಸೈಕಲ್ಲಿನ ಹಾಗೆ ಸದ್ದು ಮಾಡುತ್ತೆ.

ಪಿಸಿಬಿ ಹಾಟ್‌ಸ್ವಾಪ್ ಇರೋದೇ ತಗೊಳ್ಳಿ, ಬೆಸುಗೆ ಬೇಡ, ಸ್ವಿಚ್ಚು ಒತ್ತಿದ್ರೆ ಕೂರುತ್ತೆ. ಸ್ವಿಚ್ಚಲ್ಲಿ 3 ಪಿನ್ನು, 5 ಪಿನ್ನು ಅಂತ ಎರಡು ತರ. 5ರದ್ದು 3ರ ಪಿಸಿಬಿಗೆ ಕೂರದಿದ್ರೆ ಆಚೆಈಚೆ ಇರೋ ಎರಡು ಪ್ಲಾಸ್ಟಿಕ್ ಕಾಲನ್ನ ಉಗುರು ಕಟ್ಟರಲ್ಲಿ ಕತ್ತರಿಸಿ, ಅಷ್ಟೇ.

ಪ್ರ: ಯಾವ ಸ್ವಿಚ್ಚು ಒಳ್ಳೇದು?

ಲೀನಿಯರ್ ಸೀದಾ ಕೆಳಗೆ ಹೋಗುತ್ತೆ, ಟ್ಯಾಕ್ಟೈಲ್ ಮಧ್ಯದಲ್ಲಿ ಒಂದು ಉಬ್ಬು ಕೊಡುತ್ತೆ, ಕ್ಲಿಕಿ ಟಿಕ್ ಟಿಕ್ ಅನ್ನುತ್ತೆ. ಹಲಗೆ ಮುಚ್ಚಿಗೆಯ ಹಳೇ ಮನೇಲಿ ಮೆತ್ತಿ ಮೇಲೆ ಕೂತು ರಾತ್ರಿ ಕೆಲಸ ಮಾಡೋರು ಕ್ಲಿಕಿ ತಗೊಂಡ್ರೆ ಕೆಳಗೆ ಮಲಗಿರೋರು ಬೆಳಿಗ್ಗೆ ಮಾತಾಡ್ಸೋದಿಲ್ಲ. ಉಳಿದದ್ದು ಬೆರಳಿಗೆ ಬಿಟ್ಟದ್ದು. ಲ್ಯೂಬ್ ಮಾಡೋದಾದ್ರೆ, ಅಂದ್ರೆ ಒಳಗೆ ಗ್ರೀಸ್ ಹಚ್ಚೋದಾದ್ರೆ, ಲೀನಿಯರಿಗೆ ಕ್ರೈಟಾಕ್ಸ್ 205ಜಿ0 ತರದ್ದು, ಬ್ರಶ್ಶಲ್ಲಿ ತೆಳ್ಳಗೆ. ಹೊಲಿಗೆ ಮಷಿನ್ ಎಣ್ಣೆ ಹಾಕಬಹುದಾ ಅಂತ ತುಂಬಾ ಜನ ಕೇಳ್ತಾರೆ, ಬೇಡ, ಅದು ಹರಿದು ಕಾಂಟ್ಯಾಕ್ಟಿಗೆ ಇಳಿಯುತ್ತೆ, ಧೂಳು ಬೇರೆ ಹಿಡಿಯುತ್ತೆ.

ಪ್ರ: ಯಾವ ಮರ ಹಾಕ್ಲಿ?

ಇದಕ್ಕೆ ಸ್ವಲ್ಪ ಕೂತು ಓದಿ.

ಸಾಗವಾನಿ ಸಿಕ್ಕಿದ್ರೆ ಬೇರೆ ಯೋಚನೆ ಬೇಡ. ದಾಂಡೇಲಿ, ಯಲ್ಲಾಪುರ ಕಡೆ ಸಾಗವಾನಿಗೆ ಹೆಸರು ಬಂದಿರೋದು ಸುಮ್ನೆ ಅಲ್ಲ. ಅದು ತೇವಕ್ಕೆ ಹಿಗ್ಗೋದು ಕುಗ್ಗೋದು ಬೇರೆ ಬಹಳಷ್ಟು ಮರಗಳಿಗಿಂತ ಕಡಿಮೆ, ಮೈಯಲ್ಲೇ ಎಣ್ಣೆ ಇದೆ, ಒರಲೆ ಬೇಗ ಮುಟ್ಟಲ್ಲ. ಆದ್ರೆ ಚೇಗು (ಒಳಗಿನ ಗಟ್ಟಿ ತಿರುಳು) ಇರೋ ಭಾಗಕ್ಕೆ ಮಾತ್ರ ಈ ಮಾತು, ಹೊರಗಿನ ಬಿಳಿ ಭಾಗ ಸಾಗವಾನಿದಾದ್ರೂ ಕುಟ್ಟೆ ಹಿಡಿಯುತ್ತೆ.

ಶಿವಣೆ ನನಗೆ ತುಂಬಾ ಇಷ್ಟ. ಹಗುರ, ಮಾಸಲು ಹಳದಿ ಬಣ್ಣ, ಉಳಿಗೆ ಬೆಣ್ಣೆ, ಒಣಗಿದ ಮೇಲೆ ಸೊಟ್ಟ ಆಗೋದೂ ಕಡಿಮೆ. ಮೆತ್ತಗಿರೋದ್ರಿಂದ ಉಗುರು ತಾಗಿದ್ರೂ ಗೀರು ಬೀಳುತ್ತೆ, ಅದೊಂದೇ ದೋಷ. ಕೈಯಲ್ಲೇ ಕೆತ್ತೋ ಪ್ಲಾನ್ ಇದ್ರೆ ಇದನ್ನೇ ಹುಡುಕಿ.

ಹಲಸು ಹೊಸದಾಗಿ ಅರಶಿನ ಬಣ್ಣ ಇದ್ದದ್ದು ವರ್ಷ ಹೋದ ಹಾಗೆ ಕಂದಾಗುತ್ತೆ, ಬಹಳ ಚಂದ. ಹೊನ್ನೆ, ಮತ್ತಿ ಗಟ್ಟಿ, ಕೈ ಉಳಿಗೆ ಹೊಡೆದು ಹೊಡೆದು ಹೆಗಲು ಬಿದ್ದು ಹೋಗುತ್ತೆ, ರೂಟರ್ (ಮರ ಕೊರೆಯೋ ಮಷಿನ್) ಇದ್ರೆ ಅಡ್ಡಿಲ್ಲ. ಮಾವು ಸಸ್ತಾ, ಗೆರೆಯೂ ಚೆನ್ನಾಗಿರುತ್ತೆ, ಆದ್ರೆ ಔಷಧಿ ಹೊಡೀದೆ ಇದ್ರೆ ಒಂದು ದಿನ ಟೇಬಲ್ ಮೇಲೆ ಹಿಟ್ಟಿನ ಹಾಗೆ ಪುಡಿ ಬಿದ್ದಿರುತ್ತೆ, ಅಲ್ಲಿಗೆ ಕಥೆ ಮುಗೀತು. ಬೀಟೆ ಎಲ್ಲಕ್ಕಿಂತ ಚಂದ ಹೌದು, ಕಾಗದಪತ್ರ ಸರಿ ಇರೋ ತುಂಡು ಸಿಕ್ಕಿದ್ರೆ ಮಾತ್ರ. ಶ್ರೀಗಂಧದ ಆಸೆ ಬಿಟ್ಟೇಬಿಡಿ.

ಇವೆಲ್ಲಕ್ಕಿಂತ ಒಳ್ಳೇದು ಹಳೇ ಮರ. ಹಳೇ ಮನೆ ಕೆಡವುವಾಗ ದಾರಂದ, ಕಿಟಕಿ ಚೌಕಟ್ಟು, ತೊಲೆ ಸಿಗುತ್ತಲ್ಲ, ಐವತ್ತು ಅರವತ್ತು ಮಳೆಗಾಲ ನೋಡಿ ಆಗಬೇಕಾದ ಸೊಟ್ಟ ಎಲ್ಲಾ ಆಗಿ ಮುಗಿಸಿರುತ್ತೆ. ಕೊಯ್ಯೋಕೆ ಮುಂಚೆ ಅಯಸ್ಕಾಂತ ಹಿಡಿದು ಇಡೀ ತುಂಡಿನ ಮೇಲೆ ಓಡಿಸಿ, ಒಳಗೆ ಮುರಿದ ಮೊಳೆ ಇದ್ರೆ ಸಾಮಿಲ್ಲಿನವರ ಬ್ಲೇಡು ಹಾಳಾಗುತ್ತೆ, ಮತ್ತೆ ನಿಮ್ಮ ಮರ ಅವರು ಮುಟ್ಟೋದಿಲ್ಲ.

ಪ್ರ: ನಮ್ಮ ಬೆಟ್ಟದಲ್ಲೇ ಮರ ಇದೆ, ಒಂದು ಕೊಂಬೆ ಕಡ್ಕೊಳ್ಳಬಹುದಾ?

ಸೊಪ್ಪಿನ ಬೆಟ್ಟ ತೋಟಕ್ಕೆ ಸೊಪ್ಪು, ದರಕು ತರೋದಕ್ಕೆ ಬಿಟ್ಟಿರೋದು, ನಾಟಾ ಕೊಯ್ಯೋಕಲ್ಲ. ಮಾಲ್ಕಿ ಜಾಗದ ಮರಕ್ಕೂ ಜಾತಿ ನೋಡಿಕೊಂಡು ಪರವಾನಗಿ ಬೇಕಾಗುತ್ತೆ. ಒಂದು ಕೀಬೋರ್ಡಿಗಾಗಿ ಫಾರೆಸ್ಟ್ ಆಫೀಸು ಅಲೆಯೋದು ಬೇಡ ಮಾರಾಯ್ರೆ. ಸಾಮಿಲ್ಲಲ್ಲಿ, ಫರ್ನಿಚರ್ ಮಾಡೋರ ಹತ್ರ ಉಳಿದ ತುಂಡು ಕೇಳಿ, ಬಿಲ್ಲು ತಗೊಳ್ಳಿ. ಕೇಸಿಗೆ ಬೇಕಾಗಿರೋದು 305 ಉದ್ದ, 115 ಅಗಲ, 30 ಎಂಎಂ ದಪ್ಪದ ಒಂದು ತುಂಡು, ಅಂದ್ರೆ ಒಂದು ಲೀಟರ್ ಚಿಲ್ಲರೆ. ಮರ ಮಾರೋ ಲೆಕ್ಕದ ಒಂದು ಸಿಎಫ್‌ಟಿ (ಘನ ಅಡಿ) ಅಂದ್ರೆ 28 ಲೀಟರ್. ಅವರಿಗೆ ಅದು ಒಲೆಗೆ ಹಾಕೋ ಸೈಜು. ಮರದ ರೇಟು ನೋಡಿ ಹೆದರೋರಿಗೆ ಹೇಳ್ತಿದ್ದೀನಿ, ಈ ಇಡೀ ಕೆಲಸದಲ್ಲಿ ಹೆಚ್ಚಾಗಿ ಮರವೇ ಎಲ್ಲಕ್ಕಿಂತ ಸಸ್ತಾ, ದುಡ್ಡು ಹೋಗೋದು ಕೀಕ್ಯಾಪಿಗೆ.

ಪ್ರ: ಮರ ಒಣಗಿದೆಯೋ ಇಲ್ವೋ ಹೆಂಗೆ ಗೊತ್ತಾಗೋದು?

ಅಡುಗೆಮನೆ ತೂಕದ ಮಷಿನ್ ಇದ್ರೆ ಸಾಕು. ತುಂಡನ್ನ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಕೊಯ್ಸಿ, ಎರಡೂ ತುದಿಗೆ ಮೇಣ ಇಲ್ಲಾ ಪೇಂಟ್ ಬಳಿಯಿರಿ, ನೀರು ಬೇಗ ಬಿಡೋದು ತುದಿಯಿಂದ, ಸೀಳೋದೂ ಅಲ್ಲಿಂದಲೇ. ಗಾಳಿ ಆಡೋ ನೆರಳಲ್ಲಿ ಕೆಳಗೆ ಎರಡು ರೀಪು ಕೊಟ್ಟು ಇಡಿ. ವಾರಕ್ಕೊಂದು ಸಲ ತೂಗಿ ಪೆನ್ಸಿಲಲ್ಲಿ ಅದರ ಮೈಮೇಲೇ ಬರೀತಾ ಹೋಗಿ. ತೂಕ ಇಳೀತಾ ಇಳೀತಾ ಒಂದು ಕಡೆ ನಿಲ್ಲುತ್ತೆ, ಎರಡು ಮೂರು ವಾರ ಅದೇ ನಂಬರ್ ಬಂತು ಅಂದ್ರೆ ಆ ಹವೆಗೆ ಅದು ಒಣಗಿ ಆಯ್ತು. ಹಸಿ ಮರಕ್ಕೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಮೋಟಾ ಲೆಕ್ಕ. ಮಳೆಗಾಲದಲ್ಲಿ ತೂಗಿದ್ರೆ ನಂಬರ್ ವಾಪಸ್ ಏರೋದು ಕಾಣುತ್ತೆ, ನೋಡೋಕೆ ಮಜಾ ಇದೆ, ಆದ್ರೆ ಕೆಲಸ ಮಾಡೋದು ಮಾತ್ರ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಇಟ್ಕೊಳ್ಳಿ.

ಪ್ರ: ಅಡಿಕೆ ಡ್ರೈಯರಲ್ಲಿ ಹಾಕಿದ್ರೆ ಬೇಗ ಒಣಗಲ್ವಾ?

ಬೇಗ ಸೀಳುತ್ತೆ. ಹೊರಮೈ ಒಣಗಿ ಕುಗ್ಗೋಕೆ ನೋಡುತ್ತೆ, ಒಳಗೆ ಇನ್ನೂ ಹಸಿ ಇರುತ್ತೆ, ಎರಡರ ಜಗ್ಗಾಟದಲ್ಲಿ ಬಿರುಕು. ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಟ್ಟು ಮರೆತುಬಿಡಿ, ಅದು ನಿಧಾನ, ಹಂಗಾಗಿ ಒಳ್ಳೇದು.

ಪ್ರ: ಕೇಸಿನ ಅಳತೆ ಹೇಳಿ. ಒಂದೇ ತುಂಡಲ್ಲಿ ಕೊರೀಬೇಕಾ, ಚೌಕಟ್ಟು ಕಟ್ಟಬೇಕಾ?

ಮೊದಲು ಮರದ ಸ್ವಭಾವ ನೋಡಿ. ಎಳೆಯ ಉದ್ದಕ್ಕೆ ಅದು ಹಿಗ್ಗೋದಿಲ್ಲ ಅಂದ್ರೂ ನಡೀತದೆ, ಅಡ್ಡಕ್ಕೆ ಮಾತ್ರ ಹಿಗ್ಗುತ್ತೆ. ಸಾಗವಾನಿ ಹಲಗೇಲಿ ತುದಿಯ ಬಳೆಗೆರೆ (ಮರ ಬೆಳೆದ ಉಂಗುರದ ಗೆರೆ) ಮಲಗಿದ ಹಾಗೆ ಇದ್ರೆ ತೇವಾಂಶ 1 ಪರ್ಸೆಂಟ್ ಏರಿದ್ರೆ ಅಗಲ ಸುಮಾರು 0.19 ಪರ್ಸೆಂಟ್ ಏರುತ್ತೆ. ಬೇಸಿಗೆಗೂ ಆಟಿ ಮಳೆಗೂ ಮರದ ತೇವಾಂಶದಲ್ಲಿ 5 ಪರ್ಸೆಂಟ್ ಫರಕು ಅಂತ ಹಿಡಿದ್ರೆ 115 ಎಂಎಂ ಅಗಲದ ಕೇಸು 1 ಎಂಎಂಗಿಂತ ಸ್ವಲ್ಪ ಜಾಸ್ತಿನೇ ಓಡಾಡುತ್ತೆ. ಬಳೆಗೆರೆ ನೇರ ನಿಂತ ಹಲಗೆ ಆದ್ರೆ ಅದರ ಅರ್ಧ. ಇದು ಸಾಗವಾನಿ ಕಥೆ, ಬೇರೆ ಬಹಳಷ್ಟು ಮರ ಇದಕ್ಕಿಂತ ಜಾಸ್ತಿ ಕುಣಿಯುತ್ತೆ. ಬೇಸಿಗೇಲಿ ಪಿಸಿಬಿಯನ್ನ ಬಿಗಿಯಾಗಿ ತುರುಕಿಟ್ರೆ ಮಳೆಗಾಲಕ್ಕೆ ಸಡಿಲ, ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ್ರೆ ಮಾರ್ಚಿಗೆ ಮರ ಕುಗ್ಗಿ ಪಿಸಿಬಿ ಮಡಚುತ್ತೆ, ಇಲ್ಲಾ ಮೂಲೆ ಸೀಳುತ್ತೆ.

ಒಂದೇ ತುಂಡಲ್ಲಿ ಕೊರೆಯೋದಾದ್ರೆ ಎಳೆ ಕೀಬೋರ್ಡಿನ ಉದ್ದಕ್ಕೇ ಇರ್ಬೇಕು. ಒಳಗಿನ ಹೊಂಡ 286.5 ಉದ್ದ, 96.5 ಅಗಲ ಇಡಿ, ಅಗಲದಲ್ಲಿ ಬಿಟ್ಟ ಜಾಗ ಓಡಾಟಕ್ಕೆ. ಆಳ 18 ಎಂಎಂ ಸುತ್ತಮುತ್ತ. ಅದು ಹೆಂಗೆ ಬಂತು ಅಂದ್ರೆ ಪ್ಲೇಟಿನ ಮೇಲ್ಮೈಯಿಂದ ಪಿಸಿಬಿಯ ಮೇಲ್ಮೈಗೆ 5, ಪಿಸಿಬಿ ದಪ್ಪ 1.6, ಅದರ ಕೆಳಗೆ ಸಾಕೆಟ್ಟಿಗೆ 5 ಖಾಲಿ, ಪ್ಲೇಟಿನ ಮೇಲೆ ಅಂಚು 6-7. ಗೋಡೆ 9 ಎಂಎಂಗಿಂತ ತೆಳ್ಳಗೆ ಬೇಡ, ಯುಎಸ್‌ಬಿ ಕಿಂಡಿ ಹತ್ರ ಮಾತ್ರ ಒಳಗಿಂದ ಕೆತ್ತಿ ತೆಳು ಮಾಡಿ, ಇಲ್ದಿದ್ರೆ ಕೇಬಲ್ಲಿನ ತಲೆ ಒಳಗೆ ಮುಟ್ಟಲ್ಲ. ಈ ಕಿಂಡಿಯ ಜಾಗವನ್ನ ಡ್ರಾಯಿಂಗ್ ನೋಡಿ ಗುರುತು ಹಾಕ್ಬೇಡಿ, ಪಿಸಿಬಿ ಇಟ್ಟು ನೋಡಿ ಹಾಕಿ. ಪಿಸಿಬಿಯ ಸ್ಕ್ರೂಗೆ ಎಂ2 ಹಿತ್ತಾಳೆ ಇನ್ಸರ್ಟ್ ಕೂರಿಸಿ, ಸೀದಾ ಮರಕ್ಕೆ ಸ್ಕ್ರೂ ಹಾಕಿ ನಾಲ್ಕು ಸಲ ಬಿಚ್ಚಿದ್ರೆ ತೂತು ಹಾಳು.

ಚೌಕಟ್ಟು ಕಟ್ಟೋದು ನನ್ನ ಪ್ರಕಾರ ನಮ್ಮ ಹವೆಗೆ ಬೆಸ್ಟು. ನಾಲ್ಕು ಪಟ್ಟಿ, ಒಂದೊಂದೂ 10 ಎಂಎಂ ದಪ್ಪ, 25 ಎತ್ತರ, ಎಳೆ ಪಟ್ಟಿಯ ಉದ್ದಕ್ಕೆ. ಹಿಗ್ಗೋದೆಲ್ಲ ಆ 10ರಲ್ಲಿ, 25ರಲ್ಲಿ, ಅದು ಲೆಕ್ಕಕ್ಕೇ ಇಲ್ಲ. ಹೊರಗಿನ ಉದ್ದ ಅಗಲ ವರ್ಷವಿಡೀ ಒಂದೇ. ಕೆಳಗೆ 6 ಎಂಎಂ ಪ್ಲೈವುಡ್, ಅದೂ ಹಿಗ್ಗಲ್ಲ. ಮೂಲೇನ 45 ಡಿಗ್ರಿಗೆ ಕೊಯ್ದು ಬರೀ ಫೆವಿಕಾಲ್ ಹಾಕಿದ್ರೆ ಸಾಲದು, ಒಳಗೊಂದು ತೆಳು ಮರದ ಚಕ್ಕೆ ಅಡ್ಡ ಕೂರಿಸಿ. ನೋಡೋಕೆ ಒಂದೇ ತುಂಡಿನ ಕೇಸಿನಷ್ಟು ಗತ್ತು ಬರೋದಿಲ್ಲ, ಅದು ನಿಜ.

ಓರೆ ಬೇಕಂದ್ರೆ 6 ಡಿಗ್ರಿಗೆ ಹಿಂದಿನ ಬದಿ 12 ಎಂಎಂ ಎತ್ತರ ಆಗುತ್ತೆ. ಕೇಸನ್ನೇ ಓರೆ ಕೊಯ್ಯೋ ಬದ್ಲು ಹಿಂದೆ ಎರಡು ಮರದ ಕಾಲು ಅಂಟಿಸಿ.

ಪ್ರ: ನನ್ನ ಹತ್ರ ರೂಟರ್ ಇಲ್ಲ. ಆಚಾರಿಗಳ ಹತ್ರ ಮಾಡಿಸಬಹುದಾ?

ಮಾಡಿಸಿ. ಆದ್ರೆ ಎಂಎಂ ಲೆಕ್ಕದ ಡ್ರಾಯಿಂಗ್ ವಾಟ್ಸಾಪಲ್ಲಿ ಕಳಿಸಿ ಕೂರಬೇಡಿ. ಮನೆ ಬಾಗಿಲು ಮಾಡೋರು ನೂಲು ಲೆಕ್ಕದಲ್ಲಿ ಯೋಚನೆ ಮಾಡ್ತಾರೆ, ಒಂದು ನೂಲು ಅಂದ್ರೆ ಇಂಚಿನ ಎಂಟನೇ ಒಂದು ಭಾಗ, 3 ಎಂಎಂ ಚಿಲ್ಲರೆ, ನಮಗೆ ಬೇಕಾಗಿರೋದು ಅದರ ಆರನೇ ಒಂದು ಭಾಗದ ನಿಖರತೆ. ಪಿಸಿಬಿ ಅಳತೆಗೆ ಸರಿಯಾಗಿ ಒಂದು ದಪ್ಪ ರಟ್ಟು ಇಲ್ಲಾ ಅಕ್ರಿಲಿಕ್ ತುಂಡು ಕೊಯ್ದು ಕೈಗೆ ಕೊಡಿ, "ಆಚಾರ್ರೇ, ಇದು ಇದ್ರೊಳಗೆ ಸುತ್ತಲೂ ಮೂರು ನಾಲ್ಕು ಪೋಸ್ಟ್ ಕಾರ್ಡ್ ಒಟ್ಟಿಗೆ ಹೋಗೋವಷ್ಟು ಸಂದಿ ಬಿಟ್ಟು ಕೂರ್ಬೇಕು" ಅನ್ನಿ. ಅಷ್ಟು ಸಾಕು, ಆಮೇಲೆ ಅವರ ಕೈ ನಮಗಿಂತ ಚೆನ್ನಾಗಿ ಅಳೆಯುತ್ತೆ. ನನ್ನದನ್ನ ಮಾಡಿಕೊಟ್ಟವರು ತುಂಡಿಗೆ ಒಂದು ಹತ್ತರಿ ಹೊಡೆದು, ಸುರುಳಿ ಸುರುಳಿಯಾಗಿ ಬಂದ ಹೊಟ್ಟನ್ನ ಬೆರಳಲ್ಲಿ ಹೊಸೆದು ನೋಡಿ, ಪುಡಿ ಆಗದೆ ಮೆತ್ತಗೆ ಮಡಚಿಕೊಂಡಿದ್ದಕ್ಕೆ ಇನ್ನೂ ಹಸಿ ಇದೆ ಅಂತ ವಾಪಸ್ ಕಳಿಸಿದ್ರು. ಮಷಿನ್ನೂ ಬೇಡ ಮೀಟರೂ ಬೇಡ.

ಸ್ವಂತ ಮಾಡೋರು ಡ್ರಿಲ್ಲಿಗೆ ಅಗಲದ ಫಾರ್ಸ್ಟ್ನರ್ ಬಿಟ್ (ತಳ ಸಮತಟ್ಟಾಗಿ ಕೊರೆಯೋದು) ಹಾಕಿ, ಆಳಕ್ಕೆ ಟೇಪ್ ಗುರುತು ಕಟ್ಟಿ, ಒಂದಕ್ಕೊಂದು ತಾಗೋ ಹಾಗೆ ತೂತು ಹೊಡೆದು ಉಳಿದದ್ದನ್ನ ಉಳಿಯಲ್ಲಿ ತೆಗೀರಿ. ಮಾಸ್ಕ್ ಹಾಕ್ಕೊಳ್ಳಿ, ಸಾಗವಾನಿ, ಬೀಟೆ ಧೂಳು ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತೆ.

ಬದಿಗೆ ಬಳ್ಳಿ, ಹೂವು ಕೆತ್ತಿಸೋ ಆಸೆ ಇದ್ರೆ ಶಿರಸಿ, ಕುಮಟಾ ಕಡೆ ಗುಡಿಗಾರರು ಇದ್ದಾರೆ, ಗಂಧದ ಮೇಲೆ ಕೂದಲೆಳೆ ಕೆತ್ತನೆ ಮಾಡೋ ಕೈ ಅದು. ಅವರ ಹತ್ರ ಚೌಕಾಸಿ ಮಾಡೋಕೆ ಹೋಗ್ಬೇಡಿ.

ಪ್ರ: ಪ್ಲೇಟನ್ನೂ, ಕೀಕ್ಯಾಪನ್ನೂ ಮರದಲ್ಲೇ ಮಾಡಿದ್ರೆ?

ಪ್ಲೇಟ್ ಬೇಡ. ಸ್ವಿಚ್ಚಿನ ಕೊಕ್ಕೆ ಹಿಡಿಯೋದು 1.5 ಎಂಎಂ ದಪ್ಪದ ಪ್ಲೇಟಿಗೆ, ತೂತು 14 ಎಂಎಂ ಚೌಕ, ತೂತಿನ ನಡುವಿಂದ ನಡುವಿಗೆ 19.05, ಅಂದ್ರೆ ಎರಡು ತೂತಿನ ಮಧ್ಯೆ ಉಳಿಯೋದು 5 ಎಂಎಂ ಪಟ್ಟಿ. ಆ ದಪ್ಪದ ಮರ ಮೊದಲನೇ ಸ್ವಿಚ್ಚು ಒತ್ತಿದಾಗಲೇ ಎಳೆಗುಂಟ ಮುರಿಯುತ್ತೆ. ನೇಮ್‌ಪ್ಲೇಟ್, ಟ್ರೋಫಿ ಮಾಡೋ ಅಂಗಡೀಲಿ ಲೇಸರ್ ಇದ್ರೆ ಅಕ್ರಿಲಿಕ್ಕಲ್ಲಿ ಕೊಯ್ಸಬಹುದು, ಆದ್ರೆ ಲೇಸರ್ ತಾನೂ ಸ್ವಲ್ಪ ತಿನ್ನುತ್ತೆ, ಅದಕ್ಕೆ ಮೊದಲು ಒಂದೇ ಒಂದು ತೂತು ಕೊಯ್ಸಿ ಸ್ವಿಚ್ಚು ಹಾಕಿ ನೋಡಿ, ಸಡಿಲ ಅನ್ಸಿದ್ರೆ ಫೈಲಲ್ಲಿ 13.9, 13.8 ಹೀಗೆ ಇಳಿಸಿ.

ಮರದ ಕ್ಯಾಪು ನೋಡೋಕೆ ಚಂದ, ಆದ್ರೆ ಸ್ವಿಚ್ಚಿನ ಮೇಲೆ ಕೂರೋ ಪ್ಲಸ್ ಆಕಾರದ ತೂತು ಮರದಲ್ಲಿ ನಾಲ್ಕು ಸಲ ತೆಗೆದು ಹಾಕೋದ್ರಲ್ಲಿ ಸೀಳುತ್ತೆ. ಹಳೇ ಕ್ಯಾಪಿನ ಪ್ಲಾಸ್ಟಿಕ್ ಕಾಲು ಕತ್ತರಿಸಿ ಅರಾಲ್ಡೈಟಲ್ಲಿ ಒಳಗೆ ಅಂಟಿಸಿದ್ರೆ ತಡೆಯುತ್ತೆ. ಎಸ್ಕೇಪಿಗೊಂದು ಮಾಡಿ ಸಾಕು.

ಪ್ರ: ಪಾಲಿಶ್ ಯಾವುದು? ಮನೇಲಿ ಕೊಬ್ಬರಿ ಎಣ್ಣೆ, ಗೇರೆಣ್ಣೆ ಇದೆ.

ಎರಡೂ ಬೇಡ. ಕೊಬ್ಬರಿ ಎಣ್ಣೆ ಯಾವತ್ತೂ ಒಣಗೋದಿಲ್ಲ, ಅಂಟಂಟು ಆಗಿ ಕೊನೆಗೆ ಕಮಟು ವಾಸನೆ ಹೊಡೆಯುತ್ತೆ. ಗೇರೆಣ್ಣೆ ಒರಲೆಗೆ ಒಳ್ಳೇದು ಅಂತ ಹಳಬರು ತೊಲೆಗೆ ಬಳೀತಿದ್ರು ಹೌದು, ಆದ್ರೆ ಅದು ಚರ್ಮ ಸುಡುತ್ತೆ, ಬೊಬ್ಬೆ ಬರುತ್ತೆ. ದಿನಾ ಮಣಿಕಟ್ಟು ಇಡೋ ಜಾಗ ಅದು.

ಪೇಂಟ್ ಅಂಗಡೀಲಿ ಬೇಗ ಒಣಗೋ ಅಗಸೆ ಎಣ್ಣೆ, ಡಬಲ್ ಬಾಯ್ಲ್ಡ್ ಅಂತ ಕೇಳಿ. 120, 220, 320 ಪಾಲಿಶ್ ಪೇಪರ್ ಸಾಲಾಗಿ ಎಳೆಯ ದಿಕ್ಕಿಗೇ ತಿಕ್ಕಿ, ಬಟ್ಟೇಲಿ ತೆಳ್ಳಗೆ ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು ಉಳಿದದ್ದನ್ನ ಪೂರ್ತಿ ಒರೆಸಿ, ಮರುದಿನ ಮತ್ತೆ. ಮೇಲಿಂದ ಜೇನುಮೇಣ ತಿಕ್ಕಿದ್ರೆ ಕೈಗೆ ಹಿತ, ಶಿರಸಿ ಕಡೆಯವರಿಗೆ ಜೇನುಮೇಣಕ್ಕೆ ಬರ ಇಲ್ಲ. ಒಂದು ಎಚ್ಚರ: ಆ ಎಣ್ಣೆ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತನ್ನಷ್ಟಕ್ಕೇ ಬೆಂಕಿ ಹತ್ತುತ್ತೆ, ಇದು ಕಟ್ಟುಕಥೆ ಅಲ್ಲ. ನೀರಲ್ಲಿ ಅದ್ದಿ, ಇಲ್ಲಾ ಅಂಗಳದಲ್ಲಿ ಬಿಡಿಸಿ ಹರವಿ.

ಎಣ್ಣೆ ಮೇಣ ತೇವ ತಡೆಯೋದು ಅಷ್ಟಕ್ಕಷ್ಟೇ. ಕರಾವಳಿಯವರು ಪಿಯು (ಪಾಲಿಯುರೆಥೇನ್ ಕೋಟು) ಹೊಡಿಸೋದೇ ಒಳ್ಳೇದು. ಸ್ಪಿರಿಟ್ ಪಾಲಿಶ್ ತೇವ ಚೆನ್ನಾಗಿ ತಡೆಯುತ್ತೆ, ಆದ್ರೆ ಕೈಗೆ ಸ್ಯಾನಿಟೈಸರ್ ಹಾಕ್ಕೊಂಡು ಹಂಗೇ ಮುಟ್ಟಿದ್ರೆ ಕರಗಿ ಬೆರಳಚ್ಚು ಮೂಡುತ್ತೆ. ಯಾವುದೇ ಹಚ್ಚಿ, ಒಳಗೂ ಹೊರಗೂ ಕೆಳಗೂ ಅಷ್ಟೇ ಕೋಟು ಹಚ್ಚಿ. ಯಾರಿಗೆ ಕಾಣುತ್ತೆ ಅಂತ ಒಳಗೆ ಬಿಟ್ರೆ ಆ ಬದಿ ಮಾತ್ರ ತೇವ ಎಳೆದು ಕೇಸು ದೋಣಿ ಆಗುತ್ತೆ.

ಪ್ರ: ಪಿಸಿಬಿ ಇಲ್ದೆ ಕೈಯಲ್ಲೇ ವೈರ್ ಎಳೆದು ಮಾಡಬಹುದಾ?

ಬೆಸುಗೆ ಗೊತ್ತಿದ್ರೆ ಧಾರಾಳ ಮಾಡಬಹುದು. ಒಂದೊಂದು ಸ್ವಿಚ್ಚಿಗೂ ಒಂದು 1ಎನ್4148 ಡಯೋಡ್, ಎಲ್ಲದರ ಕಪ್ಪು ಗೆರೆ ಒಂದೇ ದಿಕ್ಕಿಗೆ. ಡಯೋಡ್ ಇಲ್ದಿದ್ರೆ ಮೂರು ಕೀ ಒಟ್ಟಿಗೆ ಒತ್ತಿದಾಗ ಒತ್ತದೇ ಇರೋ ನಾಲ್ಕನೇದೂ ಬಂದುಬಿಡುತ್ತೆ. 60ಕ್ಕೆ 5 ಸಾಲು 14 ಕಾಲಂ, ಒಂದೊಂದಕ್ಕೂ ಕಂಟ್ರೋಲರ್ ಬೋರ್ಡಲ್ಲಿ (ಕೀ ಒತ್ತಿದ್ದನ್ನ ಓದೋ ಪುಟ್ಟ ಬೋರ್ಡು) ಒಂದು ಪಿನ್ನು, ಒಟ್ಟು 19 ಬೇಕು. ಇಲ್ಲೇ ಎಲ್ಲರೂ ಬೀಳೋದು, ಪ್ರೊ ಮೈಕ್ರೋ ಅನ್ನೋ ಬೋರ್ಡಲ್ಲಿ ಹೊರಗೆ ಕೊಟ್ಟಿರೋದು 18, ಒಂದು ಪಿನ್ನು ಕಮ್ಮಿ. ರಾಸ್ಪ್‌ಬೆರಿ ಪೈ ಪಿಕೊ ತಗೊಳ್ಳಿ, 26 ಇದೆ. ಕ್ಯೂಎಂಕೆ ಅನ್ನೋ ಫರ್ಮ್‌ವೇರ್ ಹಾಕೋದೂ ಸುಲಭ, ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದ್ರೆ ಪೆನ್‌ಡ್ರೈವ್ ತರ ಕಾಣುತ್ತೆ, ಫೈಲ್ ಎಳೆದು ಹಾಕಿದ್ರೆ ಮುಗೀತು. ಕೇಸಿನ ಆಳ ಮಾತ್ರ ಜಾಸ್ತಿ ಬೇಕಾಗುತ್ತೆ.

ಪ್ರ: ಇದ್ರಲ್ಲಿ ಕನ್ನಡ ಬರುತ್ತಾ?

ಬರುತ್ತೆ, ಯಾವ ಕೀಬೋರ್ಡಲ್ಲೂ ಬರುತ್ತೆ. ಕೀಬೋರ್ಡು ಕಂಪ್ಯೂಟರಿಗೆ ಹೇಳೋದು ಇಂಥಾ ಜಾಗದ ಕೀ ಒತ್ತಿದ್ರು ಅಂತ ಅಷ್ಟೇ, ಅದು ಕ ಅಂತ ತೀರ್ಮಾನ ಮಾಡೋದು ವಿಂಡೋಸೋ ಲಿನಕ್ಸೋ. ಇನ್‌ಸ್ಕ್ರಿಪ್ಟ್ ಇರ್ಲಿ, ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ನಾವೆಲ್ಲ ಬಳಸೋ ವಿನ್ಯಾಸ ಇರ್ಲಿ, ಫರ್ಮ್‌ವೇರಲ್ಲಿ ಏನೂ ಮಾಡೋದು ಬೇಡ. ಕ್ಯಾಪ್ಸ್‌ಲಾಕ್ ಕೀಗೆ ಭಾಷೆ ಬದಲಾಯಿಸೋ ಶಾರ್ಟ್‌ಕಟ್ ಕೊಟ್ಟುಬಿಡಿ, ವಯಾ (ಕೀಗಳ ಕೆಲಸ ಬದಲಾಯಿಸೋ ಆ್ಯಪು) ಇದ್ರೆ ಎರಡು ನಿಮಿಷದ ಕೆಲಸ, ಆಮೇಲೆ ಬಿಟ್ಟಿರೋಕಾಗಲ್ಲ.

ನುಡಿ ವಿನ್ಯಾಸದಲ್ಲಿ ಟೈಪ್ ಮಾಡೋರಿಗೆ ಇನ್ನೊಂದು ಮಾತು. ಆ, ಖ, ಥ ಎಲ್ಲಾ ಶಿಫ್ಟ್ ಹಿಡಿದೇ ಬರ್ಬೇಕು, ಒತ್ತಕ್ಷರಕ್ಕೆಲ್ಲ ಎಫ್ ಕೀ. ಇಂಗ್ಲಿಷಿನವರಿಗಿಂತ ನಮ್ಮ ಶಿಫ್ಟು, ಎಫ್ಫು ಜಾಸ್ತಿ ಸವೆಯುತ್ತೆ. ಎರಡೂ ಶಿಫ್ಟಿಗೆ ಹಗುರ ಸ್ಪ್ರಿಂಗಿನ ಸ್ವಿಚ್ಚು ಹಾಕಿ, ಕಿರುಬೆರಳು ಬಚಾವ್.

ಕನ್ನಡ ಅಕ್ಷರ ಇರೋ ಕ್ಯಾಪ್ ಬೇಕಂದ್ರೆ ಅಕ್ಷರ ಇಲ್ದಿರೋ ಪಿಬಿಟಿ (ಒಂದು ಗಟ್ಟಿ ಪ್ಲಾಸ್ಟಿಕ್) ಕ್ಯಾಪ್ ತಗೊಂಡು ಲೇಸರಲ್ಲಿ ಕೊರೆಸಿ. ಸ್ಟಿಕ್ಕರ್ ನಮ್ಮ ಬೆವರಿಗೆ ನಿಲ್ಲೋದಿಲ್ಲ.

ಪ್ರ: ಮರದ ಕೇಸಿಂದ ಸೌಂಡ್ ಚೆನ್ನಾಗಿ ಬರುತ್ತಂತೆ, ಹೌದಾ?

ಸ್ವಲ್ಪ ಹೌದು, ಅಲ್ಯೂಮಿನಿಯಂನ ಠಣ್ ಅನ್ನೋ ಗುಂಗು ಇರಲ್ಲ. ಆದ್ರೆ ಯೂಟ್ಯೂಬ್ ವಿಡಿಯೋ ನೋಡಿ ಬೀಟೆಗೂ ಸಾಗವಾನಿಗೂ ಸೌಂಡ್ ಬೇರೆ ಅಂತ ದುಡ್ಡು ಹಾಕೋಕೆ ಹೋಗ್ಬೇಡಿ. ಸ್ವಿಚ್ಚು, ಪ್ಲೇಟು, ಕ್ಯಾಪಿನ ದಪ್ಪ, ಕೆಳಗಿನ ಖಾಲಿ ಜಾಗ, ಇವುಗಳ ಮುಂದೆ ಮರದ ಜಾತಿ ಕಡೇ ಸಾಲಿನಲ್ಲಿ ಬರುತ್ತೆ. ಖಾಲಿ ಜಾಗಕ್ಕೆ ತೆಳು ಫೋಮ್ ಹಾಕಿ ನೋಡಿ.

ಪ್ರ: ಬ್ಲೂಟೂತ್?

ಮರ ಸಿಗ್ನಲ್ ತಡೆಯಲ್ಲ, ಇದಕ್ಕೆ ಲೋಹದ ಕೇಸಿಗಿಂತ ಮರವೇ ಮೇಲು. ಇದಕ್ಕೆ ಹಾಕೋ ಫರ್ಮ್‌ವೇರಿನ ಹೆಸರು ಝಡ್‌ಎಂಕೆ. ಬ್ಯಾಟರಿಗೆ ಸ್ಕ್ರೂ ತುದಿ ತಾಗದ ಹಾಗೆ, ಉಬ್ಬೋಕೆ ಜಾಗ ಬಿಟ್ಟು ಇಡಿ.

ಪ್ರ: ಕಾರವಾರದಲ್ಲಿ ಮನೆ, ಸಮುದ್ರ ಹತ್ರ. ತುಕ್ಕು ಹಿಡಿಯಲ್ವಾ?

ಸ್ಟೀಲ್ ಪ್ಲೇಟ್ ತಗೊಂಡ್ರೆ ಹಿಡಿಯುತ್ತೆ, ಹಿತ್ತಾಳೆ ಕಪ್ಪಾಗುತ್ತೆ. ಎಫ್‌ಆರ್4 (ಪಿಸಿಬಿ ಮಾಡೋ ಫೈಬರ್‌ಗ್ಲಾಸ್ ಹಾಳೆ), ಪಾಲಿಕಾರ್ಬೊನೇಟ್, ಇಲ್ಲಾ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ತಗೊಳ್ಳಿ. ಸ್ಕ್ರೂ ಎಲ್ಲಾ ಸ್ಟೇನ್‌ಲೆಸ್. ಹಾಟ್‌ಸ್ವಾಪ್ ಸಾಕೆಟ್ಟಲ್ಲಿ ಉಪ್ಪಿನ ಗಾಳಿಗೆ ಕಾಂಟ್ಯಾಕ್ಟ್ ಮಸುಕಾಗಿ ಒಂದು ಕೀ ಆಗಾಗ ಬರದೇ ಇರೋದು, ಇಲ್ಲಾ ಎರಡೆರಡು ಸಲ ಬರೋದು ಶುರುವಾಗುತ್ತೆ. ಗಾಬರಿ ಬೇಡ, ಆ ಸ್ವಿಚ್ಚು ಕಿತ್ತು, ಪಿನ್ನು ಮಡಚಿದೆಯಾ ನೋಡಿ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ವಾಪಸ್ ಒತ್ತಿ. ಹತ್ರಲ್ಲಿ ಒಂಬತ್ತು ಸಲ ಅಷ್ಟಕ್ಕೇ ಸರಿ ಆಗುತ್ತೆ.

ಪ್ರ: ಮಳೆಗಾಲದಲ್ಲಿ ಹೆಂಗೆ ನೋಡ್ಕೊಳ್ಳೋದು?

ದಿನಾ ಬಳಸಿ. ಬಳಸೋ ಕೀಬೋರ್ಡಿಗೆ ಬೂಷ್ಟು ಹಿಡಿಯೋದು ಕಡಿಮೆ, ಕವರಲ್ಲಿ ಸುತ್ತಿ ಕಪಾಟಲ್ಲಿ ಇಟ್ಟದ್ದಕ್ಕೆ ಮೊದಲು ಹಿಡಿಯುತ್ತೆ. ವಾರಗಟ್ಲೆ ಊರಲ್ಲಿ ಇರಲ್ಲ ಅಂದ್ರೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಗುಡುಗು ಶುರುವಾದ್ರೆ ಡೆಸ್ಕ್‌ಟಾಪಿನ ಪ್ಲಗ್ಗು ಕೀಳಿ, ಕೀಬೋರ್ಡೂ ಅದರ ಜೊತೆಗೇ ಉಳಿಯುತ್ತೆ.

ಹುಳದ ವಿಷಯ ಯಾರೂ ಕೇಳಲ್ಲ, ಆದ್ರೆ ಹೇಳ್ಬೇಕು. ಯುಎಸ್‌ಬಿ ಕಿಂಡಿ ಖಾಲಿ ಬಿಟ್ರೆ ಕುಂಬಾರ ಹುಳ ಬಂದು ಮಣ್ಣು ಮೆತ್ತಿ ಗೂಡು ಕಟ್ಟುತ್ತೆ, ಅದೂ ಎಷ್ಟು ನೀಟಾಗಿ ಅಂದ್ರೆ ಕಿಂಡಿಯ ಅಂಚಿಗೆ ಸಮವಾಗಿ, ಕೇಬಲ್ ಚುಚ್ಚುವಾಗಲೇ ಗೊತ್ತಾಗೋದು. ರಬ್ಬರ್ ಮುಚ್ಚಳ ಸಿಗುತ್ತೆ, ಹಾಕಿ. ಗೂಡು ಕಟ್ಟಿಯೇ ಬಿಟ್ಟಿದ್ರೆ ನೀರು ಹಾಕ್ಬೇಡಿ, ಒಣಗಿದ ಮೇಲೆ ಊದಿನಕಡ್ಡಿಯ ಕಡ್ಡೀಲಿ ನಿಧಾನಕ್ಕೆ ಕೆದಕಿ, ಲೋಹದ ಪಿನ್ನಲ್ಲಿ ಬೇಡ. ಸಣ್ಣ ಇರುವೆಗೆ ಕೇಸಿನ ತಳದ ಖಾಲಿ ಜಾಗ ಬೆಚ್ಚಗಿನ ಮನೆ, ಅದಕ್ಕೂ ಫೋಮೇ ಮದ್ದು.

ಕಷಾಯ ಚೆಲ್ಲಿದ್ರೆ ಮೊದಲು ಕೇಬಲ್ ಕೀಳಿ, ಕವುಚಿ ಹಾಕಿ, ಕ್ಯಾಪು ಸ್ವಿಚ್ಚು ಎಲ್ಲಾ ಬಿಚ್ಚಿ. ಬೆಲ್ಲ ಇರೋದ್ರಿಂದ ಸುಮ್ನೆ ಒಣಗಿಸಿದ್ರೆ ಅಂಟುತ್ತೆ, ಕ್ಯಾಪನ್ನ ನೀರಲ್ಲಿ, ಪಿಸಿಬಿಯನ್ನ ಐಸೊಪ್ರೊಪೈಲಲ್ಲಿ ತೊಳೀರಿ. ಮರವನ್ನ ಬಿಸಿಲಿಗೆ ಇಡಬೇಡಿ.

ಪ್ರ: ಬೆಂಗಳೂರಲ್ಲಿ, ಅಮೆರಿಕಾದಲ್ಲಿ ಇರೋ ತಮ್ಮನಿಗೆ ಮಾಡಿ ಕಳಿಸಬಹುದಾ?

ಬೆಂಗಳೂರಿಗೆ ಅಡ್ಡಿಲ್ಲ. ಹೊರದೇಶಕ್ಕಾದ್ರೆ ಬೀಟೆ ಬೇಡ, ಆ ಜಾತಿಯ ಮರಗಳು 2017ರ ಜನವರಿಯಿಂದ ಅಂತರರಾಷ್ಟ್ರೀಯ ಸೈಟಿಸ್ (ಅಪಾಯದಲ್ಲಿರೋ ಗಿಡಮರ, ಪ್ರಾಣಿಗಳ ವ್ಯಾಪಾರದ ಒಪ್ಪಂದ) ಪಟ್ಟೀಲಿ ಇವೆ, ಗಡೀಲಿ ಕಾಗದ ಕೇಳಬಹುದು. ಬ್ಯಾಟರಿ ಇರೋದೂ ಬೇಡ, ಕೊರಿಯರಿನವರು ತಗೊಳ್ಳೋಕೆ ತಕರಾರು ಮಾಡ್ತಾರೆ. ಮತ್ತೆ ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಅಂದ್ರೆ ನಮ್ಮ ಏಪ್ರಿಲ್‌ಗಿಂತ ಒಣ, ಇಲ್ಲಿಂದ ಹೋದ ಒಂದೇ ತುಂಡಿನ ಕೇಸು ಅಗಲದಲ್ಲಿ ಒಂದೂವರೆ ಎಂಎಂ ತನಕ ಕುಗ್ಗಬಹುದು. ಅಂಥಾದ್ದಕ್ಕೆ ಚೌಕಟ್ಟಿನ ಕೇಸೇ ಕಟ್ಟಿ ಕಳಿಸಿ, ಒಂದೇ ತುಂಡಿಂದೇ ಬೇಕು ಅಂತ ಹಟ ಮಾಡಿದ್ರೆ ಹೊಂಡದ ಅಗಲ 97.5 ಇಟ್ಟು (ಗೋಡೆ ತೆಳು ಆಗದ ಹಾಗೆ ಕೇಸಿನ ಅಗಲವನ್ನೂ 1 ಎಂಎಂ ಜಾಸ್ತಿ ಮಾಡಿ), ಪಿಸಿಬಿಯ ಸ್ಕ್ರೂ ತೂತಿಗೆ ವಾಷರ್ ಹಾಕಿ, ಪೂರ್ತಿ ಬಿಗಿ ಮಾಡದೆ ಕಳಿಸಿ.